ಭೂತ ಘಟ್ಟ ಹತ್ತಿದ ದಿನ

ಜಾನಕಿ ಎಂಬ ಭೂತ ವೈಜಯಂತಿಯ ಮನೆಯ ಜಂತಿಯ ಮೇಲೆ ಕೂತದ್ದು ಅರ್ಧ ದಿನ ಮಾತ್ರ. ಅದನ್ನು ಕೆಳಗಿಳಿಸಲು ಎರಡು ವರ್ಷ ಬೇಕಾಯಿತು.

ತಪ್ಪು ಅವಳ ಚಿಕ್ಕಮ್ಮನ ಮಗ ಸಂದೇಶನದು. ಅಂಕೋಲೆಯಲ್ಲಿ ಮದುವೆ ವಿಡಿಯೋ ಮಾಡಿಕೊಂಡಿದ್ದವನಿಗೆ ಸಿನಿಮಾದ ಹುಚ್ಚು ಹಿಡಿದು, ‘ಜಂತಿ ಮೇಲಿನ ಜಾನಕಿ’ ಎಂದು ನಗಿಸುವ ಭೂತದ ಸಿನಿಮಾ ಒಂದನ್ನು ತೆಗೆದ. ಅವರ್ಸಾದಲ್ಲಿ ವೈಜಯಂತಿ ಬಾಡಿಗೆಗೆ ಕೊಡುವ ಹೆಂಚಿನ ಮನೆ ಆಗ ಖಾಲಿಯಿತ್ತು, ಪುಕ್ಕಟೆ ಸಿಕ್ಕಿತು. ಭೂತವಾದವನು ರಿಕ್ಷಾ ಓಡಿಸುವ ದೇವ. ಮೀಸೆ ಬೋಳಿಸಲು ಒಪ್ಪದೆ, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕಿರುಚಿದ. ಸಿನಿಮಾ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಯೋಚಿಸತೊಡಗಿದರು.

“ಊರಲ್ಲಿ ಇಷ್ಟು ಮನೆ ಇದ್ದಾಗ ಆ ಮನೇನೇ ಎಂತಕ್ಕೆ ಆರಿಸಿದ್ರು? ಮೊದ್ಲೇ ಏನೋ ಇದ್ದಿರ್ಬೇಕು,” ಎಂದಳು ಬೇಲಿಯಾಚೆ ಮೀನು ಕೊಯ್ಯುತ್ತಿದ್ದ ಕಮಲಿ.

ಅಷ್ಟೇ ಸಾಕಾಯಿತು. ಬಾಡಿಗೆ ಕೇಳಲು ಬಂದವರು ಮೊದಲು ಜಂತಿ ನೋಡುತ್ತಿದ್ದರು, ಆಮೇಲೆ ತಮ್ಮ ಕೈಗಡಿಯಾರ ನೋಡುತ್ತಿದ್ದರು.

ಆದ್ದರಿಂದ ಸಂದೇಶ ಎರಡನೆಯ ಭಾಗಕ್ಕೆಂದು ಹಲ್ಲು ಕಿರಿಯುತ್ತ ಬಂದಾಗ ವೈಜಯಂತಿ ಒಂದೇ ಮಾತು ಹೇಳಿದಳು: “ಈ ಸಲ ಜಾನಕಿ ಮನೆ ಬಿಟ್ಟು ಹೋಗ್ಬೇಕು. ಎಲ್ಲರ ಕಣ್ಣೆದುರಿಗೆ. ಹೋದವಳು ತಿರುಗಿ ಬರ್ಬಾರದು.”

“ಕತೆಗೆ ಹೊಂದೋದಿಲ್ಲ ವೈಜಕ್ಕ...”

“ಹಾಗಾದ್ರೆ ನಿಮ್ಮನೆ ಜಂತಿ ಮೇಲೆ ಕೂರಿಸ್ಕೋ.”

ಸಂದೇಶ ತಕ್ಷಣ ಒಪ್ಪಿದ. ಅಷ್ಟು ಬೇಗ ಒಪ್ಪಿದ್ದೇ ಅವಳಿಗೆ ಸಂಶಯ ತಂದಿತು. ಮೊದಲ ಭಾಗದಲ್ಲೂ ‘ಮುಗಿಯಿತು’ ಎಂದು ತೋರಿಸಿದ ಮೇಲೆ ಜಂತಿಯಿಂದ ಬಳೆ ಸದ್ದು ಬರಿಸಿದ್ದ ಇವನು. ಅವನನ್ನು ಊರ ದೇವಿಯ ಗುಡಿಗೆ ಎಳೆದುಕೊಂಡು ಹೋಗಿ ಪ್ರಸಾದ ಕೇಳಿಸಿದಳು. “ಇವ ಭೂತವನ್ನು ಖಂಡಿತ ಓಡಿಸ್ತಾನಾ ತಾಯಿ?” ಎಂದದ್ದೇ, ದೇವಿಯ ಮೈಗೆ ಅಂಟಿಸಿದ್ದ ಹೂವಿನ ಎಸಳು ಥಟ್ಟನೆ ಬಲಕ್ಕೆ ಬಿತ್ತು. ಅಲ್ಲಿಗೆ ದೇವಿಯ ಕಡೆಯಿಂದ ಚಿಂತೆಯಿರಲಿಲ್ಲ. ಸಂದೇಶನ ಕಡೆಯಿಂದ ಇನ್ನೂ ಇತ್ತು.

ಭೂತ ಹೋಗುವುದೇನೋ ನಿಶ್ಚಯವಾಯಿತು. ಯಾವ ದಾರಿಯಲ್ಲಿ?

“ನಮ್ಮ ಬಾವಿ ಬದಿಯಿಂದ ಮಾತ್ರ ಬೇಡ ತಂಗಿ,” ಎಂದಳು ಕಮಲಿ. “ನಾವು ಅದೇ ನೀರು ಕುಡಿಯೋರು.”

“ನಮ್ಮ ಗದ್ದೆ ಬದುವಿನ ಮೇಲೂ ಬೇಡ,” ಎಂದರು ಗಜಾನನ ಮಾಸ್ತರರು. “ನಾನು ಇದನ್ನೆಲ್ಲ ನಂಬೋನಲ್ಲ. ಆದ್ರೆ ಬೇಡ.”

“ಗೋವಾ ಬಸ್ಸು ಹತ್ತಿಸುವಾ?” ಎಂದ ದೇವ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ.

“ಗೋವಾಕ್ಕೆ ಹೋದೋರು ವಾರಕ್ಕೊಮ್ಮೆ ಮನೆಗೆ ಬರ್ತಾರೆ ಮಾರಾಯ!” ಎಂದು ಕಮಲಿ ಹಣೆ ಚಚ್ಚಿಕೊಂಡಳು.

ಕೊನೆಗೆ ಭೂತವನ್ನು ಲಾರಿ ಹತ್ತಿಸಿ, ರಾಮನಗುಳಿ ದಾಟಿಸಿ, ಘಟ್ಟದ ಮೇಲೆ ಕಳಿಸುವುದೆಂದು ತೀರ್ಮಾನವಾಯಿತು. ಘಟ್ಟದ ಮೇಲಿನವರನ್ನು ಯಾರೂ ಕೇಳಲಿಲ್ಲ.

ಚಿತ್ರೀಕರಣದ ದಿನ ವೈಜಯಂತಿ ಸಂದೇಶನ ಮೇಲೆ ಇಟ್ಟ ಕಣ್ಣು ತೆಗೆಯಲಿಲ್ಲ. ಬೆಳಿಗ್ಗೆ ತಲೆ ಮಿಂದವಳಿಗೆ ಕೂದಲು ಕಟ್ಟಿಕೊಳ್ಳಲೂ ಪುರುಸೊತ್ತಾಗಲಿಲ್ಲ. ಗೋಡೆಗೆ ಮೊಳೆ ಹೊಡೆದಾರು, ಗುಟ್ಟಾಗಿ ಬಳೆ ಸದ್ದು ಮಾಡಿಸಿಯಾರು, ಭೂತವನ್ನು ಅಟ್ಟದಲ್ಲಿ ಅಡಗಿಸಿಯಾರು ಎಂದು, ಅವರು ಪಡಸಾಲೆಯಲ್ಲಿದ್ದರೆ ಇವಳು ಅಡುಗೆಮನೆ ಬಾಗಿಲಲ್ಲಿ, ಅವರು ಅಂಗಳಕ್ಕಿಳಿದರೆ ಇವಳು ಒಳಗಡೆ. ದೇವ ಲಾರಿ ಹತ್ತಿ ಹೋದ ಮೇಲೆಯೇ ಅವಳಿಗೆ ಉಸಿರು ಬಂದದ್ದು.

ಸಿನಿಮಾಕ್ಕೆ ಥೇಟರು ಸಿಗಲಿಲ್ಲ. ಕಾರವಾರದ ಒಂದು ಸಭಾಭವನದಲ್ಲಿ ಪರದೆ ಕಟ್ಟಿ ಮೊದಲ ಪ್ರದರ್ಶನ ಇಟ್ಟರು. ಅವರ್ಸಾದಿಂದ ಒಂದು ಬಸ್ಸು ತುಂಬ ಜನ ಹೋದರು. ವೈಜಯಂತಿ ಇಸ್ತ್ರಿ ಮಾಡಿದ ಸೀರೆಯುಟ್ಟು, ತುರುಬಿಗೆ ಅಬ್ಬಲಿಗೆ ಮುಡಿದು, ಪಕ್ಕದಲ್ಲಿ ಶರಾವತಿ ಟೀಚರನ್ನು ಕೂರಿಸಿಕೊಂಡಳು. ಹೈಸ್ಕೂಲಿಗೆ ಹೊಸದಾಗಿ ವರ್ಗವಾಗಿ ಬಂದ ಟೀಚರಿಗೆ ಮನೆ ಬೇಕಿತ್ತು.

“ನಂಗೆ ಭೂತಗೀತದಲ್ಲೆಲ್ಲ ನಂಬಿಕೆ ಇಲ್ಲ. ವಿಜ್ಞಾನ ಕಲಿಸೋಳು ನಾನು,” ಎಂದಿದ್ದರು ಟೀಚರು. “ಆದ್ರೂ ಅದು ಹೋಗಿದ್ದನ್ನ ಒಂದ್ಸಲ ನೋಡಿಬಿಟ್ರೆ ಮನಸ್ಸಿಗೆ ಸಮಾಧಾನ.”

ವೈಜಯಂತಿ ಬೀಗದ ಕೈಯನ್ನು ಮೊದಲೇ ಅವರ ಕೈಗೆ ಕೊಟ್ಟುಬಿಟ್ಟಳು. ಕೊಟ್ಟದ್ದನ್ನು ವಾಪಸು ಕೊಡುವಾಗ ಯಾರಿಗಾದರೂ ನಾಚಿಕೆಯಾಗುತ್ತದೆ ಎಂಬುದು ಅವಳ ಲೆಕ್ಕ.

ದೀಪ ಆರಿತು. ಪರದೆಯ ಮೇಲೆ ದೇವ ಜಂತಿಯಿಂದ ಜಾರಿ ಹಿಟ್ಟಿನ ಡಬ್ಬದೊಳಗೆ ಬಿದ್ದ. ಯಾರೂ ನಗಲಿಲ್ಲ. ವೈಜಯಂತಿ ದೇವನ ಸೆರಗಿನಿಂದ ಕಣ್ಣು ಕೀಳಲಿಲ್ಲ. ಸಂದೇಶ ಎಲ್ಲಿ ಮೋಸ ಮಾಡುತ್ತಾನೋ ಎಂಬುದೊಂದೇ ಅವಳ ಧ್ಯಾನ. ಹಿಂದಿನ ಸಾಲಿನಲ್ಲಿ ಯಾವುದೋ ಮಗು ಅಳತೊಡಗಿತು.

“ಅಲ್ಲಿ... ಅಡುಗೆಮನೆ ಬಾಗಿಲಲ್ಲಿ...” ಯಾರೋ ಪಿಸುಗುಟ್ಟಿದರು.

“ಜಾನಕಿ ಈಚೆ ಉಂಟಲ್ಲ ಮಾರಾಯ್ತಿ. ಆಚೆಯದ್ದು ಯಾರು?”

“ದೇವರೇ, ನನ್ನ ಬೆನ್ನ ಹಿಂದೇನೇ ನಿಂತಿತ್ತಾ ಅದು!” ಎಂದು ಮುಂದಿನ ಸಾಲಿನಲ್ಲಿ ದೇವನೇ ಕುರ್ಚಿ ಬಿಟ್ಟು ಎದ್ದ.

ಶರಾವತಿ ಟೀಚರು ವೈಜಯಂತಿಯ ಮಣಿಕಟ್ಟು ಹಿಡಿದುಕೊಂಡರು. ಅವರ ಕೈ ಐಸ್‌ಕ್ಯಾಂಡಿಯಂತಿತ್ತು. ಅಷ್ಟರಲ್ಲಿ ಜಾನಕಿ ಲಾರಿ ಹತ್ತಿದಳು, ಲಾರಿ ತಿರುವಿನಲ್ಲಿ ಮರೆಯಾಯಿತು. ಬಳೆ ಸದ್ದು ಬರಲಿಲ್ಲ. ದೇವಿಯ ಮಾತು ಉಳಿಯಿತು ಎಂದು ವೈಜಯಂತಿ ಮೊದಲ ಬಾರಿಗೆ ಕಣ್ಣರಳಿಸಿ ಇಡೀ ಪರದೆ ನೋಡಿದಳು.

ಖಾಲಿ ಮನೆ. ಅದರ ಕಿಟಕಿಯಲ್ಲಿ ಬಿಳಿ ನೈಟಿಯ, ಬಿಚ್ಚುಗೂದಲಿನ ಹೆಂಗಸೊಬ್ಬಳು ನಿಂತಿದ್ದಳು. ಲಾರಿ ಹೋದ ದಾರಿಯನ್ನೇ ರೆಪ್ಪೆ ಬಡಿಯದೆ ನೋಡಿ, ಆಮೇಲೆ ಕಿಟಕಿಯನ್ನು ಮೆಲ್ಲಗೆ ಮುಚ್ಚಿಕೊಂಡಳು.

ಸಂದೇಶ ಇಡೀ ಸಿನಿಮಾವನ್ನು ಮೊಬೈಲಿನಲ್ಲೇ ಎಡಿಟ್ ಮಾಡಿದ್ದ. ಅಂಗೈಯಗಲದ ತೆರೆಯಲ್ಲಿ ಅವಳು ಸೊಳ್ಳೆಯಷ್ಟೂ ಕಂಡಿರಲಿಲ್ಲ. ಇಲ್ಲಿ ಗೋಡೆಯಗಲ ಇದ್ದಳು.

“ಅಯ್ಯೋ, ಅದು ನಾನು!” ವೈಜಯಂತಿ ಧಡಕ್ಕನೆ ಎದ್ದು ನಿಂತಳು. ಎದ್ದ ರಭಸಕ್ಕೆ ತುರುಬು ಬಿಚ್ಚಿತು, ಪ್ರೊಜೆಕ್ಟರಿನ ಬೆಳಕು ನೇರ ಮುಖಕ್ಕೆ ಬಿತ್ತು. “ಅದು ನಾನೇ!”

ಸಭಾಭವನಕ್ಕೆ ಎರಡು ಬಾಗಿಲುಗಳಿದ್ದವು; ಎರಡೂ ಸಾಲಲಿಲ್ಲ.

ದೀಪ ಹತ್ತಿದಾಗ ಪಕ್ಕದ ಕುರ್ಚಿಯಲ್ಲಿ ಟೀಚರು ಇರಲಿಲ್ಲ. ಬೀಗದ ಕೈ ಇತ್ತು. ಅದರ ಮೇಲೆ, ಎಲ್ಲಿಂದ ತೆಗೆದರೋ, ಒಂದು ಚಿಟಿಕೆ ಕುಂಕುಮವೂ ಇತ್ತು.

ಸಂದೇಶ ಮಾತ್ರ ಕುಣಿಯುತ್ತ ಬಂದ. “ಭಾಗ ಮೂರು ವೈಜಕ್ಕ! ನಿಂಗೆ ಮೇಕಪ್ಪೂ ಬೇಡ!”

ವೈಜಯಂತಿ ಬೀಗದ ಕೈ ಎತ್ತಿ ಸೆರಗಿಗೆ ಗಂಟು ಹಾಕಿಕೊಂಡಳು. ದೇವಿಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ದಾರಿಯಿರಲಿಲ್ಲ. ಕೇಳಿದ್ದು ಭೂತ ಹೋಗುತ್ತದೆಯೇ ಎಂದು, ಹೋಗಿತ್ತು. ಕೇಳದ ಪ್ರಶ್ನೆಗೆ ದೇವಿ ಪ್ರಸಾದ ಕೊಡುವ ಪದ್ಧತಿಯಿಲ್ಲ.

ಅವರ್ಸಾಕ್ಕೆ ಹೊರಟ ಬಸ್ಸಿನಲ್ಲಿ ಜನ ಬಾಗಿಲವರೆಗೂ ಒಬ್ಬರ ಕಾಲ ಮೇಲೊಬ್ಬರು ನಿಂತಿದ್ದರು. ಗಜಾನನ ಮಾಸ್ತರರಂತೂ ಮಂಡಿನೋವಿನಲ್ಲೂ ಕಂಬಿಗೆ ಜೋತುಬಿದ್ದಿದ್ದರು. ವೈಜಯಂತಿಯ ಪಕ್ಕದ ಸೀಟು ಮಾತ್ರ ಖಾಲಿ. ಕಂಡಕ್ಟರು ಅವಳ ಟಿಕೆಟ್ಟನ್ನು ಎರಡು ಬೆರಳಲ್ಲಿ ದೂರದಿಂದಲೇ ಚಾಚಿದ.

ಊರು ಬಂತು. ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಕಮಲಿಯ ದನಿ ಕೇಳಿತು. ಎಂದೂ ಅಷ್ಟು ಮರ್ಯಾದೆಯಿಂದ ಮಾತಾಡಿದವಳಲ್ಲ ಅವಳು.

“ವೈಜಯಂತಿ ಅಮ್ಮಾ... ಮನೆಗೆ ಹೋಗುವಾಗ ದಯವಿಟ್ಟು ನಮ್ಮ ಬಾವಿ ಬದಿಯಿಂದ ಮಾತ್ರ ಹೋಗ್ಬೇಡಿ.”