ಸೈಟಿಗೆ ಎಷ್ಟು ಜನ ಬಂದರು?

ಬೇರೆ ಅಂಗಡಿಯವರು ಸಾಮಾನು ಕಟ್ಟಿಕೊಟ್ಟರೆ ಕೆಲಸ ಮುಗಿಯಿತು. ನನ್ನ ಕಸುಬಿನಲ್ಲಿ ಕೆಲಸ ಅಲ್ಲಿಂದಲೇ ಶುರು. ವಾರಕ್ಕೊಂದಾದರೂ ಎಡವಟ್ಟು ಆಗದಿದ್ದರೆ ನನಗೇ ಏನೋ ಕಳೆದುಕೊಂಡ ಹಾಗೆ ಅನಿಸುತ್ತಿತ್ತು.

ಕೊಪ್ಪದಲ್ಲಿ ಬೇಕರಿಯ ಮಹಡಿ ಮೇಲೆ ನನ್ನದೊಂದು ಕಂಪ್ಯೂಟರ್ ಅಂಗಡಿ. ಲಗ್ನಪತ್ರಿಕೆ, ಬಯೋಡೇಟಾ, ಶಾಲೆಯ ಪ್ರಶ್ನೆಪತ್ರಿಕೆ ಇವೆಲ್ಲ ಟೈಪ್ ಮಾಡುತ್ತಿದ್ದೆ. ಎರಡು ಸಾವಿರದ ಎಂಟರ ಸುಮಾರಿಗೆ ಟೆಲಿಫೋನ್ ತಂತಿಯಲ್ಲೇ ಇಂಟರ್ನೆಟ್ಟು ಬಂತು ನೋಡಿ, ನಾನು ವೆಬ್‌ಸೈಟ್ ಮಾಡುವುದನ್ನೂ ಕಲಿತೆ. ಮಾಡಿಸಿಕೊಂಡವರೆಲ್ಲ ಹದಿನೈದು ದಿನ ಖುಷಿಯಾಗಿರುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: "ಅಲ್ಲ, ಇದನ್ನ ಯಾರಾದ್ರೂ ನೋಡ್ತಾರಾ?"

ಇದಕ್ಕೆ ಉತ್ತರ ಹುಡುಕುವಾಗ ಸಿಕ್ಕಿದ್ದು ಒಂದು ಪ್ಲಗಿನ್. ಅಂದರೆ ಸೈಟಿಗೆ ಆಮೇಲೆ ಜೋಡಿಸುವ ಸಣ್ಣ ಪ್ರೋಗ್ರಾಮು. ಅದನ್ನು ಹಾಕಿದರೆ ಸೈಟು ನೋಡಿದವರು ಎಷ್ಟು ಜನ, ಯಾವ ಊರಿನವರು, ಯಾವ ಪುಟ ಓದಿದರು, ಎಷ್ಟು ಹೊತ್ತು ಇದ್ದರು, ಎಲ್ಲ ಗೊತ್ತಾಗುತ್ತಿತ್ತು. ಇನ್ನು ಮೇಲೆ ಪ್ರಶ್ನೆಗಳೇ ಇರುವುದಿಲ್ಲ ಎಂದು ನಾನು ನಿರಾಳವಾದೆ. ಪಾಪ, ನನಗೇನು ಗೊತ್ತು!

ಒಬ್ಬರು ಈಗಲೂ ಇದ್ದಾರೆ

ಮೊದಲು ಹಾಕಿದ್ದು ಶೃಂಗೇರಿಯ ಒಂದು ಲಾಡ್ಜಿನ ಸೈಟಿಗೆ. ಯಜಮಾನರು ಒಳ್ಳೆಯವರು, ಆದರೆ ಅನುಮಾನದ ಪ್ರಾಣಿ. ಒಬ್ಬರೂ ನೋಡದಿದ್ದರೆ ಸೈಟು ಮುಚ್ಚಿಸಿಬಿಡುತ್ತೇನೆ ಎಂದು ಮೊದಲೇ ಹೇಳಿದ್ದರು. ಹಾಗಾಗಿ ಪ್ಲಗಿನ್ ಹಾಕಿದ ಮಾರನೇ ದಿನ ಅದು ತೋರಿಸಿದ್ದನ್ನು ನೋಡಿ ನನಗೆ ಹೋದ ಜೀವ ಬಂದ ಹಾಗಾಯಿತು. ತಕ್ಷಣ ಫೋನ್ ಮಾಡಿದೆ.

"ಸಾರ್, ನಿನ್ನೆ ನಿಮ್ಮ ಸೈಟಿಗೆ ನಲವತ್ತು ಜನ ಬಂದಿದ್ರು!"

"ಯಾರು?" ಎಂದರು.

"ಹೆಸರು ಗೊತ್ತಾಗಲ್ಲ. ಹೆಚ್ಚಿನವರು ಬೆಂಗಳೂರು ಕಡೆಯವರು. ಕೆಲವರು ಇವತ್ತೂ ಬಂದಿದ್ದಾರೆ. ಒಬ್ಬರು ಈಗಲೂ ಇದ್ದಾರೆ."

"ಈಗಲೂ ಇದ್ದಾನಾ! ಎಂತ ಮಾಡ್ತಿದ್ದಾನೆ?"

"ಸುಮ್ನೆ ಎಲ್ಲಾ ಕಡೆ ನೋಡ್ತಿದ್ದಾರೆ ಸಾರ್."

ಫೋನ್ ಕಟ್ಟಾಯಿತು. ಸಂತೋಷ ತಡೆಯಲಾರದೆ ಮನೆಯವರಿಗೆ ಹೇಳಲು ಓಡಿರಬೇಕು ಅಂದುಕೊಂಡೆ.

ಮುಕ್ಕಾಲು ಗಂಟೆ ಬಿಟ್ಟು ಅವರದೇ ಫೋನು. ಏದುಸಿರು ಬಿಡುತ್ತಿದ್ದರು. "ಮಾರಾಯ್ತಿ, ನಾನು ಸೈಟಲ್ಲೇ ನಿಂತಿದ್ದೀನಿ. ಅಡುಗೆಭಟ್ಟರನ್ನೂ ಡ್ರೈವರನ್ನೂ ಜೀಪಿಗೆ ಹತ್ತಿಸಿಕೊಂಡು ಬಂದಿದ್ದೀನಿ. ಇಲ್ಲಿ ಯಾರೂ ಇಲ್ಲ."

ಆಗ ನನಗೆ ಹೊಳೆಯಿತು. ಕಿಗ್ಗಕ್ಕೆ ಹೋಗುವ ದಾರಿಯಲ್ಲಿ ಇವರು ಮನೆ ಕಟ್ಟಲು ಒಂದು ಸೈಟು ತೆಗೆದಿಟ್ಟಿದ್ದರು. ಅದರ ಬೇಲಿಯ ವಿಷಯದಲ್ಲಿ ಪಕ್ಕದವರ ಜೊತೆ ತಕರಾರೂ ಇತ್ತು. ಬೆಂಗಳೂರಿನಿಂದ ನಲವತ್ತು ಜನ ಬಂದು ಜಾಗ ಅಳೆಯುತ್ತಿದ್ದಾರೆ ಎಂದು ಅವರು ತಿಳಿದಿದ್ದರು.

"ಸಾರ್, ಅದು ಮಣ್ಣಿನ ಸೈಟಲ್ಲ. ಕಂಪ್ಯೂಟರಿನ ಸೈಟು. ಲಾಡ್ಜಿಂದು!"

ಅವರು ಉಸಿರು ಬಿಟ್ಟ ಸದ್ದು ಕೊಪ್ಪದವರೆಗೂ ಕೇಳಿಸಿತು. ಅಡುಗೆಭಟ್ಟರು ಕೈಯಲ್ಲಿದ್ದ ಸೌಟನ್ನೂ ಬಿಡದೆ ಜೀಪು ಹತ್ತಿದ್ದರಂತೆ. ಇನ್ನೇನು ಫೋನ್ ಇಡಬೇಕು, ಯಜಮಾನರಿಗೆ ಏನೋ ನೆನಪಾಯಿತು.

"ಇಲ್ಲೊಂದು ಎಮ್ಮೆ ಮೇಯ್ತಾ ಇದೆ ಮಾರಾಯ್ತಿ. ನೀನು ಹೇಳಿದ ಆ ಒಬ್ಬರು ಇದಲ್ಲ ತಾನೆ?"

ಬರೀ ಬಿಳಿ

ಪ್ಲಗಿನ್ ಹಾಕುವವರಿಗೆ ಒಂದು ಹೆದರಿಕೆ ಇದ್ದೇ ಇರುತ್ತದೆ. ಅದಕ್ಕೂ ಸೈಟಿಗೂ ಹೊಂದಾಣಿಕೆಯಾಗದಿದ್ದರೆ ಸೈಟೇ ಮಾಯ. ಫೋಟೋ ಇಲ್ಲ, ಅಕ್ಷರ ಇಲ್ಲ, ಬರೀ ಬಿಳಿ ಪರದೆ. ನವರಾತ್ರಿಗೆ ಸ್ವಲ್ಪ ಮುಂಚೆ, ಶೃಂಗೇರಿಯ ಲಾಡ್ಜುಗಳಿಗೆಲ್ಲ ರೂಮು ಕೇಳಿ ಫೋನ್ ಬರುವ ಹೊತ್ತಿನಲ್ಲಿ, ಆ ಪ್ಲಗಿನ್ನಿನ ಹೊಸ ಆವೃತ್ತಿ ಬಂತು. ಬೆಳಿಗ್ಗೆ ಅದೇ ಯಜಮಾನರ ಸೈಟಿಗೆ ಹಾಕಿದೆ. ಹಾಕಿ ಮುಗಿಸುವುದಕ್ಕೂ ಕೊಪ್ಪದಲ್ಲಿ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಹೇಗಿದೆ ಎಂದು ನೋಡುವುದಕ್ಕೂ ಆಗಲಿಲ್ಲ.

ಮಧ್ಯಾಹ್ನ ಫೋನು. "ಸೈಟು ತೆಗ್ದೆ ಮಾರಾಯ್ತಿ. ಎಂತದೂ ಕಾಣ್ತಿಲ್ಲ. ಬೆಳ್ಳಗಿದೆ."

"ಪೂರ್ತಿ ಬೆಳ್ಳಗಾ?"

"ಪೂರ್ತಿ. ಮಂಜು ಕವಿದ ಹಾಗೆ."

"ರೂಮಿನ ಫೋಟೋ? ಫೋನ್ ನಂಬರು?"

"ಇದ್ದರೆ ಹೇಳ್ತಿರಲಿಲ್ವಾ?"

ಅಂಗಡಿಗೆ ಬೀಗ ಹಾಕಿ ಸಿಕ್ಕಿದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಯಜಮಾನರಿಗೆ ಹೇಗೆ ಮುಖ ತೋರಿಸುವುದು ಎಂಬುದೇ ಯೋಚನೆ. ಹಬ್ಬದ ಗಿರಾಕಿಗಳೆಲ್ಲ ಬಿಳಿ ಪರದೆ ನೋಡಿ ಪಕ್ಕದ ಲಾಡ್ಜಿಗೆ ಹೋದರೆ ಅದರ ಪಾಪ ಯಾರಿಗೆ? ಕಂಡಕ್ಟರ್ ಚಿಲ್ಲರೆ ಕೇಳಿದರೆ "ಸರಿಮಾಡಿಕೊಡ್ತೀನಿ" ಎಂದುಬಿಟ್ಟೆ.

ಲಾಡ್ಜಿನ ಆಫೀಸಿನಲ್ಲಿ ಯಜಮಾನರು ಕಂಪ್ಯೂಟರ್ ಎದುರು ಹಣೆ ಹಿಡಿದುಕೊಂಡು ಕೂತಿದ್ದರು. ಪಕ್ಕದಲ್ಲಿ ನಿಂತು ಪರದೆ ನೋಡಿದೆ. ಸೈಟು ಲಕ್ಷಣವಾಗಿತ್ತು! ರೂಮಿನ ಫೋಟೋ, ಹಾಸಿಗೆ, ಕಿಟಕಿಯಾಚೆ ತುಂಗೆ, ಕೆಳಗೆ ಫೋನ್ ನಂಬರು, ಎಲ್ಲ ಇದ್ದಲ್ಲೇ ಇದ್ದವು.

"ಸಾರ್, ಎಲ್ಲ ಸರಿ ಇದೆಯಲ್ಲ!"

"ಎಲ್ಲಿ ಸರಿ ಇದೆ? ಬೆಳ್ಳಗೇ ಇದೆ." ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದರು. "ನೀನೂ ಬೆಳ್ಳಗೇ ಕಾಣ್ತಿದ್ದಿ."

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದರು. "ಬೆಳಿಗ್ಗೆ ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ರು. ಪರೀಕ್ಷೆ ಮಾಡಕ್ಕೆ ಕಣ್ಣಿಗೆ ಮದ್ದು ಬಿಟ್ಟಿದ್ದಾರೆ. ಸಂಜೆವರೆಗೆ ಏನೂ ನೋಡ್ಬೇಡಿ ಅಂತ ಡಾಕ್ಟ್ರು ಹೇಳಿದ್ರೆ ಕೇಳ್ತಾರಾ? ಇವತ್ತು ಎಷ್ಟು ಜನ ಬಂದ್ರು ನೋಡ್ಬೇಕಂತೆ!"

ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ನಕ್ಕೆ. ಕೊಟ್ಟ ಕಾಫಿಯನ್ನು ಎರಡು ಸಲ ಹಾಕಿಸಿಕೊಂಡು ಕುಡಿದೆ. ಇವತ್ತಿನವರೆಗೂ ನನ್ನನ್ನು ಬೆಳ್ಳಗಿದ್ದಿ ಎಂದವರು ಅವರೊಬ್ಬರೇ. ಆ ಮದ್ದಿನ ಹೆಸರು ಕೇಳಿಟ್ಟುಕೊಳ್ಳಬೇಕಿತ್ತು.

ಉಂಬಳದ ಪುಟ

ಕೆರೆಕಟ್ಟೆಯ ಕಡೆ ಒಬ್ಬ ಅಕ್ಕ ಹೋಂಸ್ಟೇ ನಡೆಸುತ್ತಿದ್ದರು. ಬಲು ನೇರ ಮಾತಿನವರು. ಮಳೆಗಾಲದಲ್ಲಿ ಇಲ್ಲಿ ಉಂಬಳ ಕಚ್ಚುತ್ತವೆ, ಬಂದ ಮೇಲೆ ಕಿರುಚಬಾರದು ಎಂದು ಜಿಗಣೆಯ ಬಗ್ಗೆಯೇ ಸೈಟಿನಲ್ಲಿ ಒಂದು ಪುಟ ಹಾಕಿಸಿದ್ದರು. ಕಚ್ಚಿದರೆ ಏನು ಮಾಡಬೇಕು ಎಂಬುದೂ ಇತ್ತು. ಅವರ ತಮ್ಮ ಅದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ.

ಪ್ಲಗಿನ್ ಹಾಕಿ ನೋಡಿದರೆ ಜನವೋ ಜನ! ಆದರೆ ರೂಮಿನ ಪುಟಕ್ಕಿಲ್ಲ, ಊಟದ ಪುಟಕ್ಕಿಲ್ಲ. ಎಲ್ಲರೂ ನೆಟ್ಟಗೆ ಉಂಬಳದ ಪುಟಕ್ಕೆ ಬರುವುದು, ಓದುವುದು, ಹೋಗುವುದು. ದೇಶ ವಿದೇಶದಲ್ಲಿ ಯಾರಿಗೆ ಎಲ್ಲಿ ಜಿಗಣೆ ಕಚ್ಚಿದರೂ ಕಂಪ್ಯೂಟರಿನಲ್ಲಿ ಹುಡುಕಿ ಇಲ್ಲಿಗೇ ಬರುತ್ತಿದ್ದರು.

"ನಾನು ನೀರುದೋಸೆ ಫೋಟೋ ಹಾಕಿದ್ದು ಯಾರಿಗೆ ಮತ್ತೆ?" ಎಂದು ಅಕ್ಕನಿಗೆ ಬೇಸರವಾಯಿತು. ಆ ಪುಟ ತೆಗೆಯಲೇ ಎಂದು ಕೇಳಿದೆ. "ಬೇಡ. ಪಾಪ, ಕಚ್ಚಿಸಿಕೊಂಡವರು ಎಲ್ಲಿಗೆ ಹೋಗ್ಬೇಕು?" ಎಂದರು.

ಒಂದು ದಿನ ಅವರ ಮನೆಗೆ ಪುಣೆಯಿಂದ ಫೋನು. ಒಬ್ಬ ಹೆಂಗಸು ಗಾಬರಿಯಲ್ಲಿ ಅಳುತ್ತಿದ್ದಾಳೆ. ಗುಡ್ಡಕ್ಕೆ ಹೋಗಿ ಬಂದ ಗಂಡನ ಕಾಲಿಗೆ ಜಿಗಣೆ ಹಿಡಿದಿದೆ, ಬಿಡುತ್ತಿಲ್ಲ. ಅಕ್ಕನಿಗೆ ಹಿಂದಿ ಬಾರದು. ಆದರೂ "ಸಾಲ್ಟ್, ಸಾಲ್ಟ್! ಎಳೀಬೇಡಿ, ನೋ ಪುಲ್ಲಿಂಗ್!" ಎಂದು ಕೂಗಿ ಧೈರ್ಯ ಹೇಳಿ, ಅದು ಉದುರುವ ತನಕ ಫೋನ್ ಹಿಡಿದೇ ನಿಂತಿದ್ದರಂತೆ. ಉದುರಿದಾಗ ಎರಡೂ ಕಡೆಯವರು ಚಪ್ಪಾಳೆ ತಟ್ಟಿದರಂತೆ.

ಆ ಪುಣೆಯವರು ಅದೇ ಋಣಕ್ಕೆ ಮಕ್ಕಳು ಮರಿ ಕಟ್ಟಿಕೊಂಡು ಅಕ್ಕನ ಹೋಂಸ್ಟೇಗೆ ಬಂದರು. ಸೈಟು ನೋಡಿ ಬಂದ ಮೊದಲ ಗಿರಾಕಿಗಳು! ನನಗೂ ಸಮಾಧಾನವಾಯಿತು. ಅವರು ಬಂದ ದಿನವೇ ಅಕ್ಕನ ಫೋನು ಬಂತು.

"ಮಾರಾಯ್ತಿ, ಮಕ್ಕಳು ಉಂಬಳ ತೋರ್ಸಿ ಅಂತ ಕೂತಿದ್ದಾವೆ. ಈ ಸುಡುಬಿಸಿಲಲ್ಲಿ ನಾನು ಉಂಬಳ ಎಲ್ಲಿಂದ ತರ್ಲಿ? ನಿನ್ನ ಆ ಪ್ಲಗಿನ್ನಲ್ಲಿ ನೋಡಿ ಹೇಳು, ಈಗ ಯಾವ ಊರಲ್ಲಿ ಸಿಗ್ತದೆ?"

ಚೆನ್ನೈಯ ಓದುಗರು

ನರಸಿಂಹರಾಜಪುರದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಜೀವಮಾನವಿಡೀ ಮಕ್ಕಳು ಬರೆದದ್ದನ್ನು ಓದಿದ್ದಾಯಿತು, ಇನ್ನು ನಾನು ಬರೆದದ್ದನ್ನು ಯಾರಾದರೂ ಓದಲಿ ಎಂದು ನನ್ನಿಂದ ಒಂದು ಬ್ಲಾಗ್ ಮಾಡಿಸಿಕೊಂಡರು. ಶಾಲೆಯ ಕಥೆ, ಮನೆಯ ಕಥೆ, ಬಸ್ಸಿನ ಕಥೆ, ಎಲ್ಲ ಬರೆಯುತ್ತಿದ್ದರು. ಪ್ಲಗಿನ್ನೂ ಹಾಕಿಕೊಟ್ಟೆ. ಬರೆಯುವವರೇ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ನೋಡಿದರೆ ಅದು ಲೆಕ್ಕಕ್ಕಿಲ್ಲ, ಹೊರಗಿನ ಓದುಗರು ಮಾತ್ರ ಲೆಕ್ಕ ಎಂದು ಹೇಳಿದ್ದೆ. ಕೆಲಸ ಮುಗಿದ ಮೇಲೆ ಲಾಗೌಟ್ ಆಗಬೇಕು ಎಂದೂ ಹೇಳಿದ್ದೆ. ಮೇಷ್ಟ್ರು ಶಾಲೆಗೆ ಬೀಗ ಹಾಕುವಷ್ಟೇ ಶ್ರದ್ಧೆಯಿಂದ ಲಾಗೌಟ್ ಆಗುತ್ತಿದ್ದರು.

ತಿಂಗಳುಗಟ್ಟಲೆ ಒಬ್ಬರೂ ಇಲ್ಲ. ಆಮೇಲೆ ಒಂದು ದಿನ ಒಬ್ಬರು ಬಂದರು. ಚೆನ್ನೈಯಿಂದ! ಮಾರನೇ ದಿನವೂ ಬಂದರು. ದಿನಾ ಬಂದರು. ಬಿಡದೆ ಎಲ್ಲ ಪುಟ ಓದಿದರು.

"ಅಲ್ಲಿ ಯಾವುದೋ ಬ್ಯಾಂಕಿನಲ್ಲಿರೋ ಕನ್ನಡದವರಿರಬೇಕು" ಎಂದು ಮೇಷ್ಟ್ರು ತೀರ್ಮಾನಿಸಿದರು. "ಮಧ್ಯಾಹ್ನ ಊಟದ ಬಿಡುವಲ್ಲೇ ಬರ್ತಾರೆ ನೋಡು. ಎಂಥ ಶಿಸ್ತು!" ಅವರ ಬರವಣಿಗೆಗೆ ಲವಲವಿಕೆ ಬಂತು. ನಡೆಯುವ ನಡಿಗೆಯೇ ಬದಲಾಯಿತು. 'ದೂರದ ಓದುಗ ಮಿತ್ರರೇ' ಎಂದೇ ಲೇಖನ ಶುರುಮಾಡುತ್ತಿದ್ದರು.

ಹೀಗಿರುವಾಗ ಚೆನ್ನೈಯವರು ಇದ್ದಕ್ಕಿದ್ದಂತೆ ನಿಂತುಹೋದರು. ಎರಡು ವಾರ ಸುಳಿವಿಲ್ಲ. ಮೇಷ್ಟ್ರು ಸೊರಗಿದರು. ನನಗೆ ಫೋನ್ ಮಾಡಿ, "ಬಂದು ಬ್ಲಾಗ್ ಮುಚ್ಚಿಬಿಡಮ್ಮ, ಸಾಕು" ಎಂದರು. ನನಗೂ ಸಂಕಟ. ಹೋದೆ. "ನೀನೇ ಮುಚ್ಚು, ನಂಗೆ ನೋಡಕ್ಕಾಗಲ್ಲ" ಎಂದು ಅವರು ಒಳಗೆ ಹೋಗಿ ಮಲಗಿದರು.

ಅವರ ಹೆಂಡತಿ ತವರಿನಲ್ಲಿ ಮದುವೆ ಮುಗಿಸಿ ಆ ದಿನ ಬೆಳಿಗ್ಗೆ ತಾನೆ ವಾಪಸ್ ಬಂದಿದ್ದರಂತೆ. ಮಜ್ಜಿಗೆ ತಂದುಕೊಟ್ಟು ಮೆಲ್ಲಗೆ ಕೇಳಿದರು, "ಎಂತಕ್ಕೆ ಮುಚ್ಚೋದು?"

ಚೆನ್ನೈ ಓದುಗರ ಕಥೆ ಹೇಳಿದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮಧ್ಯಾಹ್ನ ಇವರು ಮಲಗಿದ ಮೇಲೆ ಓದೋದು ನಾನಲ್ವಾ! ಯಾವ ಚೆನ್ನೈ?"

ಅವರನ್ನೇ ಕೂರಿಸಿ ಬ್ಲಾಗ್ ತೆರೆಸಿದೆ. ಪುಟದ ಪಕ್ಕದಲ್ಲಿದ್ದ ಪ್ಲಗಿನ್ನಿನ ಭೂಪಟದಲ್ಲಿ ಚೆನ್ನೈಯ ಮೇಲೆ ಚುಕ್ಕಿ ಮಿನುಗಿತು! ಆ ಮನೆಯ ಇಂಟರ್ನೆಟ್ಟು ಸುತ್ತಿಬಳಸಿ ಚೆನ್ನೈಯ ಯಾವುದೋ ದೊಡ್ಡ ಯಂತ್ರದ ಮೂಲಕ ಹೋಗುತ್ತಿದ್ದಿರಬೇಕು. ಪ್ಲಗಿನ್ನಿಗೆ ಕಾಣುತ್ತಿದ್ದದ್ದು ಆ ಊರು ಮಾತ್ರ.

"ಓದ್ತೀನಿ ಅಂತ ಅವರಿಗೆ ಹೇಳಬಾರದಾ ಅಮ್ಮ?"

"ಹೇಳಿದ್ರೆ ಆಯ್ತು, ಬರೆದದ್ದನ್ನೆಲ್ಲ ಎದುರು ಕೂರ್ಸಿ ಅವರೇ ಓದಿ ಹೇಳ್ತಾರೆ. ಒಲೆ ಮೇಲೆ ಇಟ್ಟದ್ದು ಸೀದು ಹೋಗ್ತದೆ. ನೀನೂ ಹೇಳ್ಬೇಡ." ಪರದೆಯ ಮೇಲಿದ್ದ ಹೊಸ ಲೇಖನವನ್ನು ಓದುತ್ತಾ ಓದುತ್ತಾ ಅವರ ಮುಖ ಬಿಗಿಯಾಯಿತು. "ನಮ್ಮ ಮನೆ ಸಾರಿಗೆ ಉಪ್ಪೇ ಇರಲ್ಲ ಅಂತ ಬರೆದಿದ್ದಾರಲ್ಲ! ಇದಕ್ಕೆ ಉತ್ತರ ಕೊಡಕ್ಕೆ ಆಗ್ತದಾ?"

ಆಗುತ್ತದೆ ಎಂದೆ. ಲೇಖನದ ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ ಅವರು ಹೇಳಿದ ಹಾಗೆ ಟೈಪ್ ಮಾಡಿದೆ: 'ಲೇಖನ ಚೆನ್ನಾಗಿದೆ. ಸಾರಿಗೆ ಉಪ್ಪು ಕಡಿಮೆ ಹಾಕುವುದು ನಿಮ್ಮ ಬಿಪಿಗೋಸ್ಕರ. ಕದ್ದುಮುಚ್ಚಿ ಉಪ್ಪಿನಕಾಯಿ ತಿನ್ನುವುದನ್ನೂ ಬಿಡಿ. ಬರೆಯುವುದನ್ನು ಬಿಡಬೇಡಿ.' ಅಮ್ಮ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದರು.

ಮೇಷ್ಟ್ರು ಎದ್ದು ಬಂದಾಗ ಪರದೆಯಲ್ಲಿ ಇನ್ನೂ ಚುಕ್ಕಿ ಇತ್ತು. "ಬಂದ್ರಾ? ಬಂದ್ರಾ!" ಎಂದು ಕನ್ನಡಕಕ್ಕೆ ತಡಕಾಡಿದರು. ಕೆಳಗಿನ ಅಭಿಪ್ರಾಯ ಕಂಡಿತು. ಬಗ್ಗಿ ಒಂದು ಸಲ ಓದಿದರು, ಕೂತು ಇನ್ನೊಂದು ಸಲ ಓದಿದರು. ಉಪ್ಪಿನಕಾಯಿಯ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು. ಸಿಕ್ಕಿಬಿದ್ದೆವು ಅಂದುಕೊಂಡೆ.

ಮೇಷ್ಟ್ರು ನಿಧಾನವಾಗಿ ತಲೆಯೆತ್ತಿದರು. ಕಣ್ಣಲ್ಲಿ ನೀರು. ಅಡುಗೆಮನೆಯ ಕಡೆ ತಿರುಗಿ ಕೂಗಿ ಹೇಳಿದರು:

"ಏ, ಕೇಳಿದ್ಯೇನೇ? ಚೆನ್ನೈಯವರು ಬ್ಯಾಂಕಿನವರಲ್ಲ, ದೊಡ್ಡ ಡಾಕ್ಟ್ರು! ನನ್ನ ಲೇಖನ ನೋಡಿಯೇ ಬಿಪಿ ಕಂಡುಹಿಡಿದಿದ್ದಾರೆ!"