ಜರ್ಮನಿಯಲ್ಲಿ ನಾಲ್ಕನೇ ಸೀಟು

ಓದಲಿಕ್ಕೆಂದು ಜರ್ಮನಿಗೆ ಹೋದ ನಾನು ಶನಿವಾರ-ಭಾನುವಾರ ತಿರುಗಾಡಲು ಹೋಗಿ ಮಾನ ಕಳೆದುಕೊಳ್ಳದೆ ರೂಮಿಗೆ ಮರಳಿದ್ದು ಕಡಿಮೆ. ತಪ್ಪು ನನ್ನದಲ್ಲ, ಜತೆಗಿದ್ದ ಮೂರು ಮಹಾನುಭಾವರದು. ಒಬ್ಬ ಠಾಣೆಯ ಕೋಪರಿಯವನು, ಒಬ್ಬಳು ನೆರೂಳಿನವಳು, ಇನ್ನೊಬ್ಬ ಕಲ್ಯಾಣದವನು. ನಾನು ಡೊಂಬಿವಲಿ. ನಾಲ್ವರ ಮನೆಯಲ್ಲೂ ಕನ್ನಡವೇ, ಜಗಳ ಮಾತ್ರ ಹಿಂದಿಯಲ್ಲಿ. ಬಟ್ಟೆಬರೆ, ಕುಕ್ಕರು, ಮಸಾಲೆ ಡಬ್ಬಿಯ ಜತೆಗೆ ನಮ್ಮ ಮುಂಬಯಿ ಲೋಕಲ್ ಗಾಡಿಯ ಚಾಳಿಯನ್ನೂ ಈ ಮೂವರು ಅಷ್ಟೇ ಜೋಪಾನವಾಗಿ ಹೊತ್ತು ತಂದಿದ್ದರು.

ನನಗೆ ಬೇಕಿದ್ದದ್ದು ಒಂದೇ, ಹಿಮದ ಬೆಟ್ಟ. ಅದೂ ನನಗಲ್ಲ, ಅವ್ವನಿಗೆ. ನಮ್ಮ ಬಿಲ್ಡಿಂಗಿನಲ್ಲಿ ಮೇಲಿನ ಮನೆಯ ಕಾಕು ಇದ್ದಾರೆ. ಅವರ ಮಗ ಕೆನಡಾದಿಂದ ವಿಡಿಯೊ ಕಾಲ್ ಮಾಡಿ ಬರ್ಫ ತೋರಿಸಿದ್ದ. ಕಾಕು ಬಿಲ್ಡಿಂಗಿನ ಹೆಂಗಸರನ್ನೆಲ್ಲ ಚಹಾಕ್ಕೆ ಕರೆದು ಅದನ್ನು ಮೆರೆಸಿದ್ದರು. ಅವತ್ತಿನಿಂದ ಅವ್ವನ ಹೊಟ್ಟೆಯಲ್ಲಿ ಬೆಂಕಿ. ಫೋನ್ ಮಾಡಿದಾಗೆಲ್ಲ ಒಂದೇ ಮಾತು: “ಆಕಿ ಮಗ ಬರ್ಫ ತೋರ್ಸ್ಯಾನ. ನನ್ನ ಮಗಳಾಗಿ ನೀ ಯಾವಾಗ ತೋರಸ್ತಿ?” ನಾನಿದ್ದ ಊರಲ್ಲಿ ಬರ್ಫ ಬೀಳುತ್ತಿರಲಿಲ್ಲ. ರೈಲು ಹತ್ತಿ, ನಡುವೆ ಒಂದು ಕಡೆ ಗಾಡಿ ಬದಲಿಸಿ ಬೆಟ್ಟಕ್ಕೆ ಹೋಗಬೇಕಿತ್ತು. ಅಷ್ಟೇ ಕೆಲಸ.

೧. ಕರ್ಚೀಫು

ಮೊದಲ ಸಲ ಹೊರಟಾಗ ಗಾಡಿ ಪ್ಲಾಟ್‌ಫಾರ್ಮಿಗೆ ಬಂತು. ಹತ್ತುವವರು ನಾವು ನಾಲ್ಕು ಜನ, ಒಂದು ನಾಯಿ, ನಾಯಿಯ ಯಜಮಾನಿ. ಇಳಿಯುವವರು ಇಳಿಯಲಿ ಎಂದು ನಾಯಿಯೂ ಸುಮ್ಮನೆ ನಿಂತಿತ್ತು. ಕೋಪರಿಯವನಿಗೆ ತಡೆಯಲಾಗಲಿಲ್ಲ. ಇಳಿಯುತ್ತಿದ್ದ ಮುದುಕಿಯೊಬ್ಬಳ ಕಂಕುಳ ಕೆಳಗಿಂದ ನುಗ್ಗಿ, ಕಿಸೆಯಿಂದ ಕರ್ಚೀಫು ತೆಗೆದು ಒಂದು ಸೀಟಿನ ಮೇಲೆ ಬೀಸಿ ಒಗೆದ. ನಾವು ಒಳಗೆ ಹೋಗಿ ನೋಡಿದರೆ ಡಬ್ಬಿಯೇ ಖಾಲಿ. ಆ ಕಡೆಯ ಕಿಟಕಿಗೆ ಬಿಸಿಲಿದೆ ಎಂದು ಈ ಕಡೆ ಕೂತೆವು. ಕರ್ಚೀಫು ಅಲ್ಲೇ ಉಳಿಯಿತು.

ಟಿಕೆಟ್ ನೋಡಲು ಬಂದವರು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ, ಯಾರದೋ ವಸ್ತು ಕಳೆದಿದೆ ಎಂದು ಮೈಕಿನಲ್ಲಿ ಹೇಳಿದರು. ಇವನು ನಾಚಿಕೆಯಿಂದ ಕಿಟಕಿಯ ಹೊರಗೆ ದನ ನೋಡುತ್ತ ಕೂತ. ಗಾಡಿ ಬದಲಿಸುವ ಸ್ಟೇಷನ್ ಬಂದಮೇಲೆ ನೆನಪಾಯಿತು, ಕರ್ಚೀಫಿನ ತುದಿಗೆ ರೂಮಿನ ಚಾವಿ ಗಂಟು ಹಾಕಿದ್ದ. ಕಳೆದ ವಸ್ತುಗಳ ಆಫೀಸಿಗೆ ಓಡಿದೆವು. ಅಲ್ಲಿನ ಅಧಿಕಾರಿ ಬಣ್ಣ ಕೇಳಿದ, ಅಂಚು ಕೇಳಿದ, ಗಂಟು ಎಂಥದ್ದು ಎಂದು ಕೇಳಿದ. ನಮ್ಮ ಕಣ್ಣೆದುರೇ ಬೆಟ್ಟದ ಗಾಡಿ ಹೋಯಿತು. ಕೊನೆಗೆ ಆತ ಇದನ್ನು ಸೀಟಿನ ಮೇಲೆ ಯಾಕೆ ಇಟ್ಟಿದ್ದಿ ಎಂದ. ಬೇರೆ ಯಾರೂ ಕೂರಬಾರದು ಅಂತ, ಎಂದು ಇವನು ಹೇಳಿದ. ಆತ ತುಂಬಾ ಹೊತ್ತು ಯೋಚಿಸಿ, ಯಾರು, ಎಂದು ಕೇಳಿದ.

೨. ಸ್ವಲ್ಪ ಸರೀರಿ

ಮುಂದಿನ ಸಲ ನೆರೂಳಿನವಳ ಪಾಳಿ. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವರು ಅರ್ಧ ಕುಂಡೆ ಊರುವುದು ನಮ್ಮಲ್ಲಿ ಜನ್ಮಸಿದ್ಧ ಹಕ್ಕು. ಅದಕ್ಕೆ ಬಾಯಿ ತೆರೆಯಬೇಕಾಗಿಲ್ಲ, ಕೈಯನ್ನು ಹೀಗೆ ಎರಡು ಸಲ ಆಡಿಸಿದರೆ ಮೂವರೂ ಬೈದುಕೊಳ್ಳುತ್ತಲೇ ಸರಿಯುತ್ತಾರೆ. ಪಕ್ಕದ ಡಬ್ಬಿಯಲ್ಲಿ ಬೇಕಾದಷ್ಟು ಜಾಗ ಇತ್ತು. ಆದರೂ ಈ ಮಹಾರಾಣಿ ಮೂವರು ಮುದುಕರು ಕೂತ ಬೆಂಚಿನೆದುರು ಹೋಗಿ ಕೈ ಆಡಿಸಿದಳು.

ಅವರಿಗೆ ಏನು ಗೊತ್ತು ಪಾಪ. ಹುಡುಗಿಗೆ ಗಾಳಿ ಬೇಕಾಗಿದೆ, ತಲೆ ಸುತ್ತುತ್ತಿದೆ ಎಂದುಕೊಂಡು ಮೂವರೂ ಗಾಬರಿಯಿಂದ ಎದ್ದು ನಿಂತರು. ಒಬ್ಬರು ನೀರು ಕೊಟ್ಟರು, ಒಬ್ಬರು ಪೇಪರಿನಿಂದ ಗಾಳಿ ಹಾಕಿದರು, ಮೂರನೆಯವರು ಗಾರ್ಡನನ್ನು ಕರೆದರು. ನನಗೇನೂ ಆಗಿಲ್ಲ ಎಂದು ಹೇಳಲು ಇವಳಿಗೆ ಮುಖವಿಲ್ಲ, ಕಣ್ಣು ಮುಚ್ಚಿ ಮುಲುಗಿದಳು. ಮುಂದಿನ ಸ್ಟೇಷನ್ನಿನಲ್ಲಿ ಸ್ಟ್ರೆಚರ್ ಕಾಯುತ್ತಿತ್ತು. ಬೆಟ್ಟ ಅವತ್ತೂ ತಪ್ಪಿತು. ನಾಲ್ಕನೇ ಸೀಟು ಕೇಳಿದವಳಿಗೆ ಪೂರಾ ಹಾಸಿಗೆಯೇ ಸಿಕ್ಕಿತು.

೩. ಇಳಿಯೋರಿದ್ದೀರಾ

ಮೂರನೇ ಸಲ ಇಳಿಯುವುದಕ್ಕೆ ಎರಡು ಸ್ಟೇಷನ್ ಮೊದಲೇ ಕಲ್ಯಾಣದವನು ನಮ್ಮನ್ನೆಬ್ಬಿಸಿ ಬಾಗಿಲ ಹತ್ತಿರ ಸಾಲಾಗಿ ನಿಲ್ಲಿಸಿದ. ಮುಂದೆ ಒಬ್ಬ ಸಂಭಾವಿತ ನಿಂತಿದ್ದ. ನಮ್ಮ ಸ್ಟೇಷನ್ ಬಂದಾಗ ಇವನು ಅಭ್ಯಾಸಬಲದಿಂದ ಅವನ ಬೆನ್ನು ತಟ್ಟಿ, ಇಲ್ಲಿ ಇಳಿಯುತ್ತೀರಾ ಎಂದು ಕೇಳಿದ. ಆ ದೇಶದಲ್ಲಿ ಅಪರಿಚಿತರು ಮಾತಾಡಿಸುವುದೇ ಅಪರೂಪ. ಆ ಮನುಷ್ಯನಿಗೆ ಸಂತೋಷ ಉಕ್ಕಿ ಬಂತು. ಪೂರ್ತಿ ನಮ್ಮ ಕಡೆ ತಿರುಗಿ, ತಾನು ಮಗಳ ಮನೆಗೆ ಹೋಗುತ್ತಿರುವುದಾಗಿ, ಅಳಿಯ ಅಷ್ಟೇನೂ ಒಳ್ಳೆಯವನಲ್ಲ ಎಂಬುದಾಗಿ ಶುರುಮಾಡಿದ. ಬಾಗಿಲು ತೆರೆಯಿತು, ಮುಚ್ಚಿತು, ಗಾಡಿ ಹೊರಟಿತು. ಅಳಿಯನ ಊರಿನ ತನಕ ಹೋಗಿ ಬಂದೆವು.

೪. ರಿಟರ್ನ್

ಇಷ್ಟರಲ್ಲಿ ಅವ್ವನಿಗೆ ತಾಳ್ಮೆ ಮುಗಿದಿತ್ತು. ಬರುವ ಭಾನುವಾರ ಮಗಳು ಬರ್ಫ ತೋರಿಸುತ್ತಾಳೆ ಎಂದು ಬಿಲ್ಡಿಂಗಿನಲ್ಲೆಲ್ಲ ಹೇಳಿಬಿಟ್ಟಿದ್ದಳು. ಮೇಲಿನ ಮನೆಯ ಕಾಕುಗೆ ಖುದ್ದಾಗಿ ಹೋಗಿ ಹೇಳಿ ಬಂದಿದ್ದಳು. ಚಹಾದ ಜತೆಗೆ ಕರ್ಚಿಕಾಯಿ ಕೂಡ. ಈ ಸಲ ತಪ್ಪಿದರೆ ಮೆಟ್ಟಿಲ ಮೇಲೆ ತಲೆ ಎತ್ತಿ ಓಡಾಡುವ ಹಾಗಿಲ್ಲ ಎಂದಳು.

ಬದಲಿಸುವ ಸ್ಟೇಷನ್ ತನಕ ಸರಿಯಾಗಿಯೇ ಹೋದೆವು. ಅಲ್ಲಿ ಬೆಟ್ಟಕ್ಕೆ ಹೋಗುವವರ ದೊಡ್ಡ ಗುಂಪು. ಕಲ್ಯಾಣದವನ ತಲೆ ಓಡಿತು. ಬೆಳಿಗ್ಗೆ ಮುಂಬಯಿ ಕಡೆ ಹೋಗಲು ಸೀಟು ಬೇಕೆಂದರೆ ನಮ್ಮ ಜನ ಮೊದಲು ಉಲ್ಟಾ ದಿಕ್ಕಿನ ಗಾಡಿ ಹತ್ತುತ್ತಾರೆ. ಅದು ಕೊನೇ ಸ್ಟೇಷನ್ ಮುಟ್ಟಿ ಹಾಗೇ ತಿರುಗಿ ಬರುತ್ತದೆ, ಇವರು ಕೂತಲ್ಲೇ ಕೂತಿರುತ್ತಾರೆ. ಇದಕ್ಕೆ ರಿಟರ್ನ್ ಹೊಡೆಯುವುದು ಎನ್ನುತ್ತಾರೆ. ಇಲ್ಲೂ ಹೊಡೆಯೋಣ ಎಂದ. ಬೇಡ ಅಂದೆ. ಜರ್ಮನರಿಗೆ ಇಷ್ಟು ಬುದ್ಧಿ ಎಲ್ಲಿಂದ ಬರಬೇಕು ಎಂದು ನಕ್ಕ. ಉಳಿದಿಬ್ಬರು ಆಗಲೇ ಎದುರು ಪ್ಲಾಟ್‌ಫಾರ್ಮಿನ ಗಾಡಿ ಹತ್ತಿದ್ದರು.

ಕೊನೇ ಸ್ಟೇಷನ್ ಬಂತು. ಎಲ್ಲರೂ ಇಳಿದರು. ಮೈಕಿನಲ್ಲಿ ಏನೋ ಹೇಳಿದರು, ಕಲ್ಯಾಣದವನು ಅಲುಗಬೇಡಿ ಎಂದ. ಬಾಗಿಲು ಮುಚ್ಚಿತು, ದೀಪ ಆರಿತು, ಗಾಡಿ ಹೊರಟಿತು, ಹಿಂದಕ್ಕಲ್ಲ, ಪಕ್ಕಕ್ಕೆ. ಎರಡೂ ಕಡೆ ತಗಡಿನ ಶೆಡ್ಡುಗಳು, ಲಾರಿಗಳು, ಮಳೆ ನೀರು ನಿಂತ ಗುಂಡಿ. ತೊಳೆಯಲಿಕ್ಕೆಂದು ನಮ್ಮನ್ನು ಯಾರ್ಡಿಗೆ ತಂದು ನಿಲ್ಲಿಸಿದ್ದರು.

ಆಗ ಅವ್ವನ ಕಾಲ್ ಬಂತು. ನಾನೇ ಕಟ್ ಮಾಡಬೇಕಿತ್ತು, ಕೋಪರಿಯವನು ಎತ್ತಿಬಿಟ್ಟ. ಪರದೆಯ ತುಂಬ ಬಿಲ್ಡಿಂಗಿನ ಹೆಂಗಸರು, ನಡುವೆ ರೇಶ್ಮೆ ಸೀರೆಯಲ್ಲಿ ಅವ್ವ. ನಾನು ಫೋನನ್ನು ಆಕಾಶದ ಕಡೆ ಹಿಡಿದೆ. ಕಾಕು ಬಿಡುತ್ತಾರೆಯೇ, ಸ್ವಲ್ಪ ಕೆಳಗೆ ತೋರಿಸು ಎಂದರು. ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಇದು ಇಲ್ಲೇ ಪಕ್ಕದ ಭಿವಂಡಿ ಗೋಡೌನ್ ಅಲ್ವಾ? ನಮ್ಮ ಮನೆಯವರು ದಿನಾ ಅಲ್ಲಿಗೇ ಹೋಗೋದು” ಎಂದರು. ಇಲ್ಲ ಕಾಕು, ಜರ್ಮನಿ, ಎನ್ನುತ್ತಿದ್ದೆ. ಕಲ್ಯಾಣದವನು ಮುಖ ತೂರಿಸಿ, ಚಿಂತೆ ಮಾಡಬೇಡಿ, ಸೀಟು ಸಿಕ್ಕಿದೆ, ಎಂದು ಮರಾಠಿಯಲ್ಲಿ ಧೈರ್ಯ ಹೇಳಿದ.

ಅಷ್ಟು ಸಾಲದೆಂಬಂತೆ ಬಾಗಿಲು ತೆರೆಯಿತು. ಗಾಡಿ ತೊಳೆಯುವ ಮೇಸ್ತ್ರಿ ಬಂದ. ಸಾಕ್ಷಾತ್ ಪಂಜಾಬಿನವನು. ನಮ್ಮ ಮುಖಗಳನ್ನು ನೋಡಿದವನೇ, ಇಳಿಯಿರಿ, ಗಾಡಿ ಮುಂದೆ ಹೋಗುವುದಿಲ್ಲ ಎಂದು ಬಿಲ್ಡಿಂಗಿಗೆಲ್ಲ ಕೇಳುವ ಹಾಗೆ ಹಿಂದಿಯಲ್ಲಿ ಕೂಗಿದ: “ಉತ್ರೋ ಭಾಯ್, ಗಾಡೀ ಆಗೇ ನಹೀಂ ಜಾಯೇಗೀ.”

ಪರದೆಯಲ್ಲಿ ಕಾಕು ಒಂದು ಕರ್ಚಿಕಾಯಿ ತೆಗೆದುಕೊಂಡು ನಿಧಾನವಾಗಿ ಕಡಿದರು. ಅವ್ವ ಫೋನೆತ್ತಿಕೊಂಡು ಅಡಿಗೆಮನೆಗೆ ಹೋದಳು, ಬಾಗಿಲು ಹಾಕಿದಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು:

“ಆದದ್ದು ಆತು. ಖರೇ ಹೇಳು, ರಾತ್ರಿ ಊಟಕ್ಕ ಮನೀಗೆ ಬರ್ತಿ ಏನು?”