ಕಾಯಂ ಆದೇಶದ ಮೂರು ನಕಲು

ಕಾಪಿ ಮೆಷಿನ್ನಿನ ಹೊಟ್ಟೆಯಿಂದ ಹೊರಬಂದ ಹಾಳೆಯನ್ನು ಹೊಸಬ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅಕ್ಷರಗಳೇನೋ ಇದ್ದವು. ಆದರೆ ಕರೆಯದ ಮನೆಗೆ ಊಟಕ್ಕೆ ಬಂದ ನೆಂಟರ ಹಾಗೆ, ಇದ್ದೂ ಇಲ್ಲದಂತೆ ಮುದುರಿಕೊಂಡಿದ್ದವು.

ಬೇರೆ ಯಾವ ಕಾಗದವಾಗಿದ್ದರೂ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಅವನ ನೌಕರಿಯನ್ನೇ ಕಾಯಂ ಮಾಡುವ ಆದೇಶ. ಮೂರು ತಿಂಗಳ ಪರೀಕ್ಷಾ ಅವಧಿ ಮುಗಿದು, ಸಾಹೇಬರು ಬೆಳಿಗ್ಗೆಯಷ್ಟೇ ತಮ್ಮ ಕಪ್ಪು ಇಂಕಿನ ಪೆನ್ನಿನಿಂದ ಸಹಿ ಹಾಕಿ ಕೊಟ್ಟಿದ್ದರು. ಅಸಲಿನ ಜೊತೆ ಮೂರು ಸ್ಪಷ್ಟ ನಕಲು ಸೇರಿಸಿ ನಾಲ್ಕು ಗಂಟೆಗೆ ಮೊದಲು ದಫ್ತರಕ್ಕೆ ಒಪ್ಪಿಸಬೇಕು ಎಂದಿದ್ದರು. ನಾಲ್ಕಕ್ಕೆ ಅವರೇ ನಿವೃತ್ತರಾಗುವವರು. ಅವರ ಕಾಲದ ಆದೇಶಗಳು ಅವರ ಕಾಲದಲ್ಲೇ ದಫ್ತರ ಸೇರದಿದ್ದರೆ ಕಸಕ್ಕೆ ಸಮ. ಈ ಮೆಷಿನ್ನಿನ ಮಸುಕು ನಕಲುಗಳನ್ನು ಮುಖ್ಯ ಕಚೇರಿಯವರು ಈಗಾಗಲೇ ಎರಡು ಸಲ, ಓದಲಾಗುತ್ತಿಲ್ಲ ಎಂದು ಬರೆದು ವಾಪಸು ಕಳಿಸಿದ್ದರು.

ಹೊಸಬ ಸಂಸಾರ ಹೂಡಿದ್ದು ಹೆಂಡತಿಯ ಅಣ್ಣನ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಆ ಅಣ್ಣ ದಿನಾ ಬೆಳಿಗ್ಗೆ ಬಾಯ್ತುಂಬ ನೊರೆ ಇಟ್ಟುಕೊಂಡೇ, "ಏನ್ ಭಾವ, ಕಾಯಂ ಆಯ್ತಾ?" ಎಂದು ಕೇಳುತ್ತಿದ್ದ. ಇವನು ಇಲ್ಲ ಎಂದಮೇಲೆಯೇ ಉಗುಳುತ್ತಿದ್ದ.

ಮೆಷಿನ್ನಿನ ಮುಂದೆ ಒಬ್ಬ ತಬ್ಬಿಬ್ಬಾಗಿ ನಿಂತರೆ ಸಾಕು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಆಫೀಸು ಮುತ್ತುತ್ತದೆ. ಮೊದಲು ಬಂದವರು ಟೈಪಿಸ್ಟಮ್ಮ. ಗಾಜಿನ ಮೇಲೆ ಕೊಳೆ ಕೂತಿದೆ, ಒರೆಸಪ್ಪ ಎಂದರು. ಹೊಸಬ ಕರ್ಚೀಫನ್ನು ನೀರಿನಲ್ಲಿ ಅದ್ದಿ ಒರೆಸಿದ. ಮುಂದಿನ ನಕಲಿನಲ್ಲಿ ಅಕ್ಷರ ಮಸುಕಾಗಿಯೇ ಉಳಿದು, ಅವನ ಐದು ಬೆರಳುಗಳು ಮಾತ್ರ ಚೆನ್ನಾಗಿ ಬಂದವು.

ಲೆಕ್ಕದವರು ಹಾಳೆಯನ್ನು ಮೂಸಿ ನೋಡಿ, ಕಾಗದಕ್ಕೆ ತೇವ ಹಿಡಿದಿದೆ ಎಂದು ತೀರ್ಪು ಕೊಟ್ಟರು. ಅದಕ್ಕೆ ಮೈಶಾಖವೇ ಮದ್ದಂತೆ. ಹೊಸಬ ಕಾಗದದ ಕಟ್ಟಿನ ಮೇಲೆ ಅರ್ಧ ಗಂಟೆ ಕಾವಿಗೆ ಕೂತ. ಕೋಳಿಗಾದರೆ ಮರಿಯ ಭರವಸೆಯಾದರೂ ಇರುತ್ತದೆ. ಇವನಿಗೆ ಕಾಲು ಜೋಮು ಹಿಡಿಯಿತು, ಅಷ್ಟೇ.

ಆಮೇಲೆ ಜವಾನ ಬಂದ. ಮೂವತ್ತು ವರ್ಷ ಸರ್ವೀಸಾದವನು, ಮೆಷಿನ್ನಿಗೂ ಹಿರಿಯ. "ಮಸಿಪುಡಿ ಒಂದೇ ಮೂಲೇಲಿ ಕೂತಿರತ್ತೆ ಸ್ವಾಮಿ. ಡಬ್ಬಿ ತೆಗೆದು ಅಲ್ಲಾಡಿಸಿ. ಮೆತ್ತಗೆ," ಎಂದ. ಮೆತ್ತಗೆ ಎನ್ನುವುದು ಕಿವಿಗೆ ಬೀಳುವ ಹೊತ್ತಿಗೆ ಹೊಸಬ ಎರಡು ಸಲ ಝಾಡಿಸಿಯಾಗಿತ್ತು. ಅರ್ಧ ಪುಡಿ ಮುಖಕ್ಕೂ ಅಂಗಿಗೂ ಬಂದು ಕೂತಿತು. ಈ ಮೆಷಿನ್ನಿನಿಂದ ಎಷ್ಟೋ ವರ್ಷಗಳಲ್ಲಿ ಬಂದ ಮೊದಲ ಅಚ್ಚುಕಟ್ಟಾದ ಕಪ್ಪು ಪ್ರತಿ ಅವನೇ. ಟೈಪಿಸ್ಟಮ್ಮ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದರು.

ಗಂಟೆ ಮೂರೂಕಾಲು. ಸಲಹೆಗಳು ಖಾಲಿಯಾಗಿ ಎಲ್ಲರೂ ಟೀಗೆ ಹೋದರು. ಒಬ್ಬನೇ ಉಳಿದ ಹೊಸಬ ಮೊದಲ ಸಲ ಮೆಷಿನ್ನನ್ನೇ ದಿಟ್ಟಿಸಿದ. ಗುಂಡಿಗಳ ಸಾಲಿನಲ್ಲಿ ಒಂದು ಕಡ್ಡಿಯ ಗುರುತು. ಒಂದು ತುದಿ ಬಿಳಿ, ಇನ್ನೊಂದು ಕಪ್ಪು. ಅದರ ಮುಳ್ಳು ಬಿಳಿ ತುದಿಗೆ ಆತುಕೊಂಡಿತ್ತು. ಪಕ್ಕದಲ್ಲಿ ಪುಡಿ ಉಳಿಸುವ ದೀಪ ಹಸಿರಾಗಿ ಉರಿಯುತ್ತಿತ್ತು. ಅವನು ದೀಪ ಆರಿಸಿ, ಮುಳ್ಳನ್ನು ಕಪ್ಪಿನತ್ತ ಸರಿಸಿ ಗುಂಡಿ ಒತ್ತಿದ.

ಹಾಳೆ ಬಂತು. ಅಕ್ಷರ ಕಾಡಿಗೆ ತೀಡಿದ ಹಾಗಿತ್ತು. ಸಾಹೇಬರ ಸಹಿಯ ಬಾಲ ಕೂಡ ಎದ್ದು ಕಾಣುತ್ತಿತ್ತು. ಮೂರು ನಕಲು ತೆಗೆದು ಅಸಲಿನೊಂದಿಗೆ ಸೇರಿಸಿ ಟೀ ಮೇಜಿಗೆ ಓಡಿದ. ನಾಲ್ಕೂ ಹಾಳೆ ಕೈಯಿಂದ ಕೈಗೆ ತಿರುಗಿದವು. ಎಲ್ಲರೂ ತಮ್ಮ ತಮ್ಮ ಸಲಹೆಯೇ ಫಲಿಸಿತೆಂದು ಬೀಗಿದರು. ಲೆಕ್ಕದವರಂತೂ ಅವನ ಬೆನ್ನು ತಟ್ಟಿ, ಕಾವಿನ ಮಹಿಮೆ ಎಂದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವನು ದಫ್ತರದ ಕೋಣೆ ಹೊಕ್ಕ. ಅಲ್ಲಿನ ಮೇಡಂ ಹನ್ನೊಂದು ವರ್ಷದಿಂದ ಒಂದೇ ಪದ್ಧತಿ ಹಿಡಿದವರು: ಕಪ್ಪಗಿದ್ದದ್ದು ಅಸಲು, ಕಬ್ಬಿಣದ ಬೀರುವಿಗೆ, ಮಸುಕಾಗಿದ್ದದ್ದು ನಕಲು, ಮೊಹರು ಒತ್ತಿ ಲಕೋಟೆಗೆ. ಓದುವ ಗೋಜೇ ಇರಲಿಲ್ಲ. ಇವತ್ತು ನಾಲ್ಕು ಹಾಳೆ ಹರಡಿದರು, ಕನ್ನಡಕ ಏರಿಸಿದರು, ಇಳಿಸಿದರು.

"ಇದ್ರಲ್ಲಿ ಅಸಲು ಯಾವ್ದಪ್ಪಾ?"

ಹೊಸಬ ನೋಡಿದ. ನಾಲ್ಕೂ ಅವಳಿಜವಳಿ. ಯಾವುದಾದ್ರೊಂದು ಇಟ್ಕೊಳ್ಳಿ ಮೇಡಂ ಎಂದ.

"ಹಾಗೆಲ್ಲ ಆಗಲ್ಲ. ನಾಳೆ ತನಿಖೆಗೆ ಬಂದೋರು ನಕಲನ್ನ ಬೀರುವಲ್ಲಿ ಯಾಕಿಟ್ರಿ ಅಂದ್ರೆ ನೀನು ಬರ್ತೀಯಾ?"

ಹೀಗೆಂದವರೇ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಮೊದಲ ಹಾಳೆಯ ಸಹಿಯನ್ನು ಗಟ್ಟಿಯಾಗಿ ಉಜ್ಜಿದರು. ಏನೂ ಆಗಲಿಲ್ಲ. ನಕಲು ಎಂದು ಮೊಹರು ಒತ್ತಿದರು. ಎರಡನೆಯದೂ ನಕಲು. ಮೂರನೆಯದೂ ನಕಲು. ಉಳಿದದ್ದು ಅಸಲೆಂದು ಎಳೆಗೂಸಿಗೂ ಗೊತ್ತಾಗಬೇಕು. ಹೊಸಬ ಬಾಯಿ ತೆರೆಯುವಷ್ಟರಲ್ಲಿ, ಅರ್ಧಕ್ಕೆ ನಿಲ್ಲಿಸಿ ಗೊತ್ತಿಲ್ಲದ ಮೇಡಂ ನಾಲ್ಕನೆಯದನ್ನೂ ಉಜ್ಜಿದರು.

"ನೋಡು, ಇದೇ ಅಸಲು," ಎಂದರು ಗೆದ್ದ ದನಿಯಲ್ಲಿ. ಆಮೇಲೆ ಹಾಳೆ ನೋಡಿದರು. ಸಹಿಯಿದ್ದ ಜಾಗದಲ್ಲಿ ಚಪ್ಪಲಿಗೆ ಸಿಕ್ಕ ಜಿರಲೆಯಂಥದೊಂದು ಕಲೆ ಇತ್ತು. ಅವರ ದನಿ ಇಳಿಯಿತು. "ಏನ್ ಮಾಡೋದಪ್ಪ, ಅಸಲಿಗೆ ಸಹಿ ಇಲ್ಲ. ಸಹಿ ಇರೋದೆಲ್ಲ ನಕಲು."

ಹೊಸಬ ಹಾಳೆ ಕಿತ್ತುಕೊಂಡು ಮೆಟ್ಟಿಲು ಹಾರಿದ. ಸಾಹೇಬರು ಗೇಟಿನ ಬಳಿ ಆಟೋ ಹತ್ತುತ್ತಿದ್ದರು. ಮಸಿ ಮೋರೆಯವನು ಓಡಿಬರುವುದನ್ನು ಕಂಡು ಬ್ಯಾಗನ್ನು ಎದೆಗವಚಿಕೊಂಡರು. ಗುರುತು ಸಿಕ್ಕಮೇಲೆ ಕಥೆ ಕೇಳಿದರು, ಮರುಗಿದರು. ಪೆನ್ನೂ ತೆಗೆದರು. ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡರು. ನಾಲ್ಕು ಗಂಟೆ ಎರಡು ನಿಮಿಷ. ಪೆನ್ನು ಜೇಬಿಗೆ ಮರಳಿತು.

"ಎರಡು ನಿಮಿಷದ ಹಿಂದೆ ಬಂದಿದ್ರೆ ಆಗ್ತಿತ್ತಲ್ಲಯ್ಯಾ. ಈಗ ನಾನೇ ಹಾಕಿದ್ರೂ ಅದು ನನ್ನ ಸಹಿಯ ನಕಲು ಅಷ್ಟೇ."

ಹೊಸಬ ಕಾಲೆಳೆಯುತ್ತಾ ಮೇಲೆ ಬಂದ. ಮೇಡಂ ಸುಮ್ಮನೆ ಕೂತಿರಲಿಲ್ಲ. ನಾಲ್ಕಕ್ಕೇ ಅಧಿಕಾರ ವಹಿಸಿಕೊಂಡ ಹೊಸ ಸಾಹೇಬರನ್ನು ಕಂಡು ವಿಷಯ ತಿಳಿಸಿ, ಕೈಯಲ್ಲೊಂದು ಫಾರಂ ಹಿಡಿದುಕೊಂಡು ಬಂದಿದ್ದರು. ಪಾಪ, ಅವನಿಗೆ ತೊಂದರೆಯಾಗಬಾರದೆಂದು ಹೆಸರನ್ನೂ ತಾವೇ ತುಂಬಿದ್ದರು.

"ಇನ್ನೊಂದು ಮೂರು ತಿಂಗಳು ಪರೀಕ್ಷೆ ಅಂತೆ," ಎಂದು ಪೆನ್ನಿನ ಮುಚ್ಚಳ ತೆಗೆದರು. "ಇವತ್ತಿಂದ ಅಂತ ಬರೀಲಾ, ಸೋಮವಾರದಿಂದ ಅಂತ ಬರೀಲಾ?"